ಕಣ್ಣು ನಿಮ್ಮದು, ಕೀಲಿ ಯಾರದು?

ನೋಡಿ ವೀಕ್ಷಕರೇ, ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೇಯಿಸುವಾಗ ರೈತನಿಗೆ ಬ್ಯಾರನ್ ಮುಂದೆಯೇ ರಾತ್ರಿಯ ಜಾಗರಣೆ. ಎಚ್.ಡಿ. ಕೋಟೆಯ ಕಾಡಂಚಿನಲ್ಲಿ ಕಳ್ಳನ ಜೊತೆಗೆ ಆನೆ, ಚಿರತೆಯ ಭಯ ಬೇರೆ. ಅಂಥ ಮನೆಗೆ ಎರಡು-ಮೂರು ಸಾವಿರದ ಹೊರಾಂಗಣ ಕ್ಯಾಮೆರಾ ಶೋಕಿಯಲ್ಲ.

ಮಳೆಗೆ ಕೆಡದಂತೆ ಐಪಿ 66 ಗುರುತು ನೋಡಿ ತಗೊಳ್ಳಿ. ಕೈಗೆಟುಕದ ಎತ್ತರಕ್ಕೆ ಹಾಕಿಸಿ. ಕ್ಯಾಮೆರಾ ಕಿತ್ಕೊಂಡು ಹೋದ್ರೆ ಒಳಗಿನ ಮೆಮೊರಿ ಕಾರ್ಡೂ ಹೋಯ್ತು, ಸಾಕ್ಷಿಯೂ ಹೋಯ್ತು. ವೈಫೈ ಇಲ್ಲದ ತೋಟದ ಮನೆಗೆ ಸಿಮ್ ಹಾಕುವ 4ಜಿ ಸೋಲಾರ್ ಮಾದರಿ ಇದೆ, ಬೆಲೆ ಸ್ವಲ್ಪ ಹೆಚ್ಚು.

ಅಸಲಿ ಮಾತು ಇದು: ಪಾಸ್‌ವರ್ಡ್ ಯಾರ ಹತ್ರ ಇದೆ? 2025ರ ಏಪ್ರಿಲ್‌ನಿಂದ ಕೇಂದ್ರ ಸರ್ಕಾರ ಸಿಸಿಟಿವಿಗಳಿಗೆ ಸೈಬರ್ ಭದ್ರತಾ ಪರೀಕ್ಷೆ ಕಡ್ಡಾಯ ಮಾಡಿದೆ. ಆದರೆ ಫಿಟ್ ಮಾಡಿದವನ ಮೊಬೈಲ್‌ನಲ್ಲೇ ನಿಮ್ಮ ಪಾಸ್‌ವರ್ಡ್ ಉಳಿದರೆ ಯಾವ ಪರೀಕ್ಷೆ ಕಾಪಾಡುತ್ತೆ? ಮನೆ ಯಾವಾಗ ಖಾಲಿ ಅಂತ ನೀವೇ ತೋರಿಸಿಕೊಟ್ಟ ಹಾಗೆ. ಅವತ್ತೇ ಬದಲಾಯಿಸಿ. ಕಾವಲಿಗೆ ಇಟ್ಟ ಕಣ್ಣೇ ಕಳ್ಳಗಿಂಡಿ ಆಗಬಾರದಲ್ವಾ?