ಚರಂಡಿಯ ಕೆಸರು, ಮಣ್ಣಿನ ಜೀವ

ಇವತ್ತಿನ ವಿಷಯ ಮೂಗು ಮುಚ್ಚಿಕೊಂಡು ಕೇಳುವಂಥದ್ದು. ಊರಿನ ಕೊಳಚೆ ಕೆಸರು ಹೊಲದ ಗೊಬ್ಬರವಾದ ಕಥೆ.

ಕೊಳಚೆ ನೀರಿಗೆ ಗಾಳಿ ಊದಿದರೆ ಸೂಕ್ಷ್ಮಜೀವಿಗಳೇ ಅದನ್ನು ತಿಳಿಯಾಗಿಸುತ್ತವೆ, ತಳಕ್ಕೆ ಕೆಸರು ಇಳಿಯುತ್ತದೆ. ಈ ವಿಧಾನವನ್ನು 1914ರಲ್ಲಿ ಮ್ಯಾಂಚೆಸ್ಟರಿನಲ್ಲಿ ಪ್ರಕಟಿಸಿದವರು ಆರ್ಡರ್ನ್ ಮತ್ತು ಲಾಕೆಟ್. ಅವರಿಗೆ ದಾರಿ ತೋರಿದ್ದ ಗಿಲ್ಬರ್ಟ್ ಫೌಲರ್ ಮುಂದೆ ಬೆಂಗಳೂರಿಗೇ ಬಂದು, ಹಳಬರು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು. ಕೊಳಚೆಯೊಡನೆ ಹರಿದುಹೋಗುವ ಸಾರಜನಕ ಮತ್ತೆ ಹೊಲಕ್ಕೆ ಸೇರಬೇಕೆಂಬುದು ಅವರ ಹಂಬಲ. 1939ರ ಸುಮಾರಿಗೆ ಅದೇ ಸಂಸ್ಥೆಯ ಸಿ. ಎನ್. ಆಚಾರ್ಯರು ಊರ ಕಸ, ಮಲ ಎರಡನ್ನೂ ಗುಂಡಿಯಲ್ಲಿ ಪದರಪದರವಾಗಿ ಹರಡಿ, ಮೇಲೆ ಮಣ್ಣು ಮೆತ್ತಿ, ಮಗುಚದೆ ತಿಂಗಳುಗಟ್ಟಲೆ ಕೊಳೆಸುವ ಕ್ರಮ ರೂಪಿಸಿದರು. ಕೃಷಿ ಪಠ್ಯಗಳಲ್ಲಿ ಇಂದಿಗೂ ಅದು ‘ಬೆಂಗಳೂರು ವಿಧಾನ’.

ಆ ಗುಂಡಿಗೆ ಬೀಳುತ್ತಿದ್ದದ್ದು ಬಹುಪಾಲು ಮನೆಗಳಿಂದ ಬಂದದ್ದು. ಮನೆಯ ಕೊಳಚೆ ಹರಿಯುವ ಚರಂಡಿಗೇ ಕಾರ್ಖಾನೆಯ ನೀರೂ ಸೇರಿದರೆ?

ಉತ್ತರ ಸಿಕ್ಕಿದ್ದು ಇಂಗ್ಲೆಂಡಿನ ವೋಬರ್ನ್‌ನಲ್ಲಿ. ಯುದ್ಧಕಾಲದ 1942ರಲ್ಲಿ ರೋಥಮ್‌ಸ್ಟೆಡ್ ಸಂಶೋಧನಾ ಕೇಂದ್ರದವರು ಅಲ್ಲಿನ ಮರಳುಮಿಶ್ರಿತ ಮಣ್ಣಿನಲ್ಲಿ ತರಕಾರಿ ಪ್ರಯೋಗ ಹೂಡಿದರು. ಕೆಲವು ತಾಕುಗಳಿಗೆ ಕೊಟ್ಟಿಗೆ ಗೊಬ್ಬರ, ಕೆಲವಕ್ಕೆ ಲಂಡನ್ನಿನ ಕೊಳಚೆ ಕೆಸರು, ಇನ್ನು ಕೆಲವಕ್ಕೆ ಕೆಸರಿಗೆ ಒಣಹುಲ್ಲು ಬೆರೆಸಿದ ಕಾಂಪೋಸ್ಟ್. 1961ಕ್ಕೆ ಕೆಸರು ಹಾಕುವುದು ನಿಂತಿತು.

ಇಪ್ಪತ್ತು ವರ್ಷಕ್ಕೂ ಹೆಚ್ಚು ಕಳೆದ ಮೇಲೆ, 1984ರಲ್ಲಿ, ಬ್ರೂಕ್ಸ್ ಮತ್ತು ಮೆಕ್‌ಗ್ರಾತ್ ಪ್ರಕಟಿಸಿದ ಫಲಿತಾಂಶ ಕಣ್ಣು ತೆರೆಸಿತು. ಕೊಟ್ಟಿಗೆ ಗೊಬ್ಬರದ ಮಣ್ಣಿಗೆ ಹೋಲಿಸಿದರೆ ಕೆಸರು ಉಂಡ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳ ಒಟ್ಟು ರಾಶಿ ಸುಮಾರು ಅರ್ಧ! ಕ್ಲೋವರ್ ಎಂಬ ಮೇವಿನ ಗಿಡದ ಪಾಡು ಇನ್ನೂ ವಿಚಿತ್ರ. ನಮ್ಮ ಅಲಸಂದೆ, ಹುರುಳಿಯಂತೆ ಅದೂ ದ್ವಿದಳ ಜಾತಿ. ಬೇರಿನಲ್ಲಿ ಗಂಟುಗಳೇನೋ ಇದ್ದವು, ಗಾಳಿಯ ಸಾರಜನಕ ಹಿಡಿಯುವ ಕೆಲಸ ಮಾತ್ರ ನಡೆಯುತ್ತಿರಲಿಲ್ಲ. ಗಂಟಿನೊಳಗಿದ್ದು ಆ ಕೆಲಸ ಮಾಡುವ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾದಲ್ಲಿ ದುಡಿಯಬಲ್ಲ ತಳಿ ಸತ್ತು, ಕೈಲಾಗದ ತಳಿ ಉಳಿದಿತ್ತೆಂದು 1989ರಲ್ಲಿ ಗಿಲ್ಲರ್ ಮತ್ತು ಸಂಗಡಿಗರು ತೋರಿಸಿದರು.

ಕಾರಣ, ಕಾರ್ಖಾನೆಯ ನೀರಿನೊಡನೆ ಕೆಸರಿಗೆ ಸೇರಿದ ಸತು, ತಾಮ್ರ, ನಿಕ್ಕಲ್, ಕ್ಯಾಡ್ಮಿಯಂ. ಕೆಸರಿನ ಸಾವಯವ ಅಂಶವನ್ನು ಜೀವಾಣುಗಳು ತಿಂದು ಕರಗಿಸುತ್ತವೆ, ಲೋಹವನ್ನು ಯಾರೂ ತಿನ್ನಲಾರರು. ಕಾಂಪೋಸ್ಟ್ ಮಾಡಿದರೆ ಅದರ ಕಾವಿಗೆ ರೋಗಾಣುಗಳು ಸಾಯುತ್ತವೆ, ದುರ್ವಾಸನೆಯೂ ಅಡಗುತ್ತದೆ. ಆದರೆ ರಾಶಿ ಕುಗ್ಗಿದಷ್ಟೂ ಪ್ರತಿ ಕಿಲೋದಲ್ಲಿ ಲೋಹದ ಪಾಲು ಏರುತ್ತದೆ. ಈ ಮಾತನ್ನು ಗೊಬ್ಬರ ಮಾರುವವರು ಹೇಳುವುದು ಕಡಿಮೆ.

ಹಾಗೆಂದು ಕೆಸರನ್ನೇ ದೂರುವುದು ನ್ಯಾಯವಲ್ಲ. ಲೋಹ ಕಡಿಮೆಯಿರುವ ಕೆಸರಿನ ಕಾಂಪೋಸ್ಟ್ ಮಣ್ಣಿನ ಜೀವಿಗಳಿಗೆ ಒಳ್ಳೆಯ ಊಟವೇ. ತಪ್ಪು ಇರುವುದು ಕಾರ್ಖಾನೆಯ ನೀರನ್ನೂ ಮನೆಯ ನೀರನ್ನೂ ಒಂದೇ ಕೊಳವೆಗೆ ಬಿಡುವುದರಲ್ಲಿ. ನಮ್ಮ ರಸಗೊಬ್ಬರ ನಿಯಂತ್ರಣ ಆದೇಶದಲ್ಲಿ ನಗರ ಕಾಂಪೋಸ್ಟ್‌ಗೆ ಮಿತಿಗಳಿವೆ: ಕಿಲೋಗೆ ಸತು 1000 ಮಿಲಿಗ್ರಾಂ, ಕ್ಯಾಡ್ಮಿಯಂ 5 ಮಿಲಿಗ್ರಾಂ ಮೀರಬಾರದು. ರೈತ ಬಂಧುಗಳೇ, ಶುದ್ಧೀಕರಣ ಘಟಕದ ಗೊಬ್ಬರ ಅಗ್ಗಕ್ಕೆ ಸಿಕ್ಕಿತೆಂದು ಟ್ರಾಕ್ಟರ್ ಕಟ್ಟುವ ಮುನ್ನ ಭಾರಲೋಹಗಳ ಪರೀಕ್ಷಾ ವರದಿ ಕೇಳಿ, ಓದಿಸಿಕೊಳ್ಳಿ. ವರದಿ ಇಲ್ಲವೆಂದರೆ ಗೊಬ್ಬರ ಬೇಡವೆನ್ನಿ.