ಬಂದವರಿಗೆ ಜಾಗ ಕೊಟ್ಟ ಊರು



ಚೀನಾದ ಯಾತ್ರಿಕ ಹ್ಯೂಯೆನ್ ತ್ಸಾಂಗ್ 641ರ ಸುಮಾರಿಗೆ ಚಾಲುಕ್ಯ ದೊರೆ ಇಮ್ಮಡಿ ಪುಲಿಕೇಶಿಯ ರಾಜ್ಯಕ್ಕೆ ಬಂದ. ಇಲ್ಲಿಯ ಜನ ಉಪಕಾರ ಮರೆಯುವವರಲ್ಲ, ಅವಮಾನ ಸಹಿಸುವವರಲ್ಲ, ಕಷ್ಟದಲ್ಲಿದ್ದವರು ಕರೆದರೆ ತಮ್ಮನ್ನೇ ಮರೆತು ನೆರವಿಗೆ ಧಾವಿಸುತ್ತಾರೆ ಎಂಬ ಅರ್ಥದ ಮಾತು ಬರೆದಿಟ್ಟ.

ಪುಲಿಕೇಶಿಯ ನಾಡಿನ ಕಡಲತೀರದ ಪಟ್ಟಣಗಳಿಗೆ ಹಡಗುಗಳು ದೂರದ ಜನರನ್ನು ತಂದವು. ಕಡಲೇ ಕಾಣದ ನಮ್ಮ ಬಾದಾಮಿ ಸೀಮೆಯಲ್ಲಿ ಆ ಕೆಲಸ ಮಾಡಿದ್ದು ಜಾತ್ರೆ. ಮಲಪ್ರಭೆಯ ದಂಡೆಯ ಚೊಳಚಗುಡ್ಡ ಅದಕ್ಕೆ ಸಾಕ್ಷಿ. ಬಾದಾಮಿಗೆ ಹತ್ತಿರದ ಈ ಊರಿನಲ್ಲಿ ಚಾಲುಕ್ಯರ ಕುಲದೇವತೆ ಬನಶಂಕರಿ ನೆಲೆಸಿದ್ದಾಳೆ. ಈಗಿನ ಗುಡಿ 18ನೇ ಶತಮಾನದ್ದು, ಪೂಜೆಯ ಪರಂಪರೆ ಅದಕ್ಕಿಂತ ಬಹಳ ಹಳೆಯದು. ಎದುರಿಗೆ ಕಲ್ಲಿನ ಸಾಲುಮಂಟಪಗಳ ನಡುವೆ ಹರಿದ್ರಾತೀರ್ಥ ಎಂಬ ಪುಷ್ಕರಣಿ.

ಪುಷ್ಯ ಮಾಸದ ಬನದ ಹುಣ್ಣಿಮೆ ಬಂತೆಂದರೆ ಊರಿನ ಚಹರೆಯೇ ಬೇರೆ. ಪಲ್ಲೇದ ಹಬ್ಬದಲ್ಲಿ ತಾಯಿಗೆ 108 ಬಗೆಯ ಕಾಯಿಪಲ್ಲೆಯ ನೈವೇದ್ಯ. ತೇರು ಎಳೆದ ಮೇಲೂ ಜಾತ್ರೆ ವಾರಗಟ್ಟಲೆ ನಡೆಯುತ್ತದೆ. ಹೊಸ ಮನೆ ಕಟ್ಟುವವರು ಬಾಗಿಲು, ಚೌಕಟ್ಟು ಕೊಳ್ಳಲು ಇಲ್ಲಿಗೇ ಬರುತ್ತಾರೆ. ವೃತ್ತಿನಾಟಕ ಕಂಪನಿಗಳು ಸಾಲಾಗಿ ಡೇರೆ ಹಾಕಿ ರಾತ್ರಿಯೆಲ್ಲ ಆಟ ಆಡುತ್ತವೆ. ಕಲಾವಿದರ ವರ್ಷದ ಗಳಿಕೆಯಲ್ಲಿ ದೊಡ್ಡ ಪಾಲು ಈ ಜಾತ್ರೆಯದೇ. ಗುಡಿಯ ಬಳಿ ಬುಟ್ಟಿ ಹೊತ್ತು ಬರುವ ತಾಯಂದಿರು ಜೋಳದ ರೊಟ್ಟಿ, ಕೆಂಪು ಚಟ್ನಿ, ಗಟ್ಟಿ ಮೊಸರು ಬಡಿಸಿ, "ಇನ್ನೊಂದು ರೊಟ್ಟಿ ಹಾಕಲೇನ್ರೀ?" ಎಂದು ಕೇಳುತ್ತಾರೆ. ಅದು ಅವರ ವ್ಯಾಪಾರ, ನಿಜ. ಆದರೆ ಅಕ್ಕರೆ ಇಲ್ಲದ ವ್ಯಾಪಾರ ತಲೆಮಾರುಗಳ ಕಾಲ ಬಾಳುವುದಿಲ್ಲ.

2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಹೊಳೆದಂಡೆಯ ಊರುಗಳು ಮುಳುಗಿದಾಗ, ಉತ್ತರ ಕರ್ನಾಟಕದ ಹಳ್ಳಿಹಳ್ಳಿಗಳಿಂದ ಸಂತ್ರಸ್ತರಿಗೆ ರೊಟ್ಟಿಯ ಗಂಟುಗಳು ಬಂದವು. ಯಾತ್ರಿಕ ಕಂಡ ಗುಣ ಹದಿಮೂರು ಶತಮಾನ ದಾಟಿಯೂ ಉಳಿದಿದೆ.

ಇಂದು ನಮ್ಮ ಬಾಗಲಕೋಟೆ ಜಿಲ್ಲೆಯ ಎಷ್ಟೋ ಕುಟುಂಬಗಳು ದುಡಿಮೆಗಾಗಿ ಗೋವೆಯ, ಮಂಗಳೂರಿನ ಕಡಲತೀರ ಸೇರಿವೆ. ಅಲ್ಲಿ ನಮ್ಮವರೇ ಪರಸ್ಥಳದವರು. ಅವರಿಗೆ ಅಲ್ಲಿ ಮರ್ಯಾದೆ ಸಿಗಲಿ ಎಂದು ಬಯಸುವ ನಾವು, ನಮ್ಮ ಓಣಿಗೆ ದುಡಿಯಲು ಬಂದವರನ್ನು ಹೇಗೆ ನಡೆಸಿಕೊಳ್ಳುತ್ತೇವೆ? ಹೆಸರು ಹಿಡಿದು ಕರೆಯುತ್ತೇವೆಯೇ? ಬಾಡಿಗೆ ಮನೆ ಕೇಳಿದರೆ ಮೊದಲು ಜಾತಿ ಕೇಳುತ್ತೇವೆಯೇ? ಊರಿನ ಇತಿಹಾಸವನ್ನು ಶಾಸನಗಳು ಹೇಳುತ್ತವೆ. ಊರಿನ ಗುಣವನ್ನು ಹೇಳುವವರು ಅಲ್ಲಿಗೆ ಬಂದು ಹೋದವರು. ಅವರು ಒಳ್ಳೆಯ ಮಾತು ಹೇಳುವಂತೆ ಇಂದಿನ ದಿನ ನಡೆದುಕೊಳ್ಳೋಣ.