ಚೆನ್ನಾಗಿದ್ದೇನೆ ಅಂತ ಥೈರಾಯ್ಡ್ ಮಾತ್ರೆ ಬಿಡಬೇಡಿ
(ಸ್ವಸಹಾಯ ಸಂಘಗಳ ಮಹಾಸಂಘದ ಸಭೆಯಲ್ಲಿ ದಾದಿಯೊಬ್ಬರು ಮಾಡಿದ ಭಾಷಣ)



ಮೊದಲು ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ನಾನು 22 ವರ್ಷ ನರ್ಸ್ ಕೆಲಸ ಮಾಡಿದವಳು. ಔಷಧಿ ಬಿಡಬೇಡಿ ಅಂತ ದಿನಾ ಬೇರೆಯವರಿಗೆ ಹೇಳುವವಳು. ನನಗೇ ಥೈರಾಯ್ಡ್ ಕಡಿಮೆ ಅಂತ ಗೊತ್ತಾಗಿ ಮಾತ್ರೆ ಶುರು ಮಾಡಿದೆ. ಎಂಟು ತಿಂಗಳಲ್ಲಿ ಸುಸ್ತು ಹೋಯಿತು, ಕೂದಲು ಉದುರುವುದು ನಿಂತಿತು, ಮುಟ್ಟು ಸರಿಯಾಯಿತು. ಇನ್ಯಾಕೆ ಮಾತ್ರೆ ಅಂತ ಬಿಟ್ಟೆ. ಎರಡು ವಾರ ಏನೂ ಆಗಲಿಲ್ಲ. ಅದೇ ಮೋಸ ಮಾಡಿದ್ದು ನೋಡಿ. ಮೂರು ತಿಂಗಳಾಗುವಾಗ ಮುಖ ಊದಿತು, ಧ್ವನಿ ಗೊಗ್ಗರಾಯಿತು, ಬೇಸಿಗೆಯಲ್ಲೂ ಕಂಬಳಿ ಬೇಕಾಯಿತು. ಮನೆಯಲ್ಲಿ "ಇವಳಿಗೆ ಸೋಮಾರಿತನ" ಅಂದರು. ನಾನೂ ಹಾಗೇ ಅಂದುಕೊಂಡೆ!

ಥೈರಾಯ್ಡ್ ಅಂದರೆ ರೋಗದ ಹೆಸರಲ್ಲ. ಕುತ್ತಿಗೆಯ ಮುಂಭಾಗದಲ್ಲಿ ಎಲ್ಲರಿಗೂ ಇರುವ ಚಿಟ್ಟೆಯಾಕಾರದ ಗ್ರಂಥಿ. ಅದು ತಯಾರಿಸುವ ಹಾರ್ಮೋನು ದೇಹದ ಎಲ್ಲಾ ಕೆಲಸದ ವೇಗವನ್ನು ನೋಡಿಕೊಳ್ಳುತ್ತದೆ. ಅದು ಕಡಿಮೆಯಾದರೆ ಎಲ್ಲವೂ ನಿಧಾನ. ಹೊಟ್ಟೆ ಕಟ್ಟುತ್ತದೆ, ಚರ್ಮ ಒಣಗುತ್ತದೆ, ಮನಸ್ಸು ಮಂಕಾಗುತ್ತದೆ, ಮುಟ್ಟಿನ ಸ್ರಾವ ಹೆಚ್ಚಾಗಬಹುದು. ಹಿಂದೆ ಉಪ್ಪಿನಲ್ಲಿ ಅಯೋಡಿನ್ ಇಲ್ಲದೆ ಗಳಗಂಡ ಬರುತ್ತಿತ್ತು. ಈಗ ಅಯೋಡಿನ್ ಉಪ್ಪು ತಿನ್ನುವವರಲ್ಲೂ ಈ ತೊಂದರೆ ಇದೆ, ಯಾಕೆಂದರೆ ಹೆಚ್ಚಿನವರಲ್ಲಿ ದೇಹದ ರಕ್ಷಣಾ ಶಕ್ತಿಯೇ ತಪ್ಪಿ ಗ್ರಂಥಿಯನ್ನು ಹಾಳು ಮಾಡುತ್ತದೆ. ಜಪಾನಿನ ವೈದ್ಯ ಹಶಿಮೊಟೊ 1912ರಲ್ಲಿ ಇದನ್ನು ಬರೆದಿಟ್ಟರು. ಹಾಳಾದ ಗ್ರಂಥಿ ಮಾಡದ ಕೆಲಸವನ್ನು ಮಾತ್ರೆ ಮಾಡುತ್ತದೆ, ಗ್ರಂಥಿಯನ್ನು ಅದು ರಿಪೇರಿ ಮಾಡುವುದಿಲ್ಲ. ಆದ್ದರಿಂದ ಹೆಚ್ಚಿನವರಿಗೆ ಜೀವನಪೂರ್ತಿ ಬೇಕು. ಹೆರಿಗೆಯ ನಂತರ ಬರುವ ತೊಂದರೆ ಕೆಲವರಲ್ಲಿ ತಾನಾಗಿ ಸರಿಹೋಗುವುದುಂಟು, ಆದರೆ ಬಿಡಬಹುದೋ ಇಲ್ಲವೋ ಎಂಬುದನ್ನು ರಕ್ತ ಪರೀಕ್ಷೆ ನೋಡಿ ವೈದ್ಯರೇ ಹೇಳಬೇಕು.

ಜೀವನಪೂರ್ತಿ ಅಂದಕೂಡಲೇ ಹೆದರುವವರಿಗೆ ಒಂದು ಹಳೆಯ ಸಂಗತಿ. 1891ರಲ್ಲಿ ಇಂಗ್ಲೆಂಡಿನ ಡಾ. ಜಾರ್ಜ್ ಮರ್ರೆ 46 ವರ್ಷದ ಒಬ್ಬ ಹೆಂಗಸಿಗೆ ಕುರಿಯ ಥೈರಾಯ್ಡ್ ಗ್ರಂಥಿಯ ರಸ ಕೊಟ್ಟರು. ಆಕೆ ಚೇತರಿಸಿಕೊಂಡು ಮತ್ತೆ 28 ವರ್ಷ ಬದುಕಿದರು. ನಮಗೆ ಕುರಿ ಬೇಡ, ಸಾಸಿವೆಗಿಂತ ಸ್ವಲ್ಪ ದೊಡ್ಡ ಮಾತ್ರೆ ಸಾಕು.

ಆದರೆ ಅದನ್ನು ನುಂಗುವ ರೀತಿ ಇದೆ. ಬೆಳಿಗ್ಗೆ ಎದ್ದು ಖಾಲಿ ಹೊಟ್ಟೆಯಲ್ಲಿ ಬರೀ ನೀರಿನಲ್ಲಿ. ಆಮೇಲೆ ಅರ್ಧದಿಂದ ಒಂದು ಗಂಟೆ ಕಾಫಿಯೂ ಬೇಡ, ತಿಂಡಿಯೂ ಬೇಡ. ನಮ್ಮ ಕಡೆ ಇದೇ ಕಷ್ಟ, ಗೊತ್ತು. ತೋಟದ ಕೆಲಸಕ್ಕೆ ಹೋಗುವವರು ಕಾಫಿ ಕುಡಿಯದೆ ಅಂಗಳಕ್ಕೂ ಇಳಿಯುವುದಿಲ್ಲ. ಹಾಗಾದರೆ ಮಾತ್ರೆಯನ್ನು ದಿಂಬಿನ ಹತ್ತಿರ ಇಟ್ಟುಕೊಳ್ಳಿ, ಎದ್ದ ತಕ್ಷಣ ನುಂಗಿ, ಆಮೇಲೆ ಮುಖ ತೊಳೆದು ಅಂಗಳ ಗುಡಿಸಿ ಒಲೆ ಹಚ್ಚುವಾಗ ಸಮಯ ಆಗಿರುತ್ತದೆ. ರಕ್ತಹೀನತೆಗೆ ಕೊಡುವ ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಇದರ ಜೊತೆ ಬೇಡವೇ ಬೇಡ. ನಾಲ್ಕು ಗಂಟೆ ಅಂತರ ಇರಲಿ, ಇಲ್ಲದಿದ್ದರೆ ಥೈರಾಯ್ಡ್ ಮಾತ್ರೆ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಮರೆತು ಹೋದರೆ ಅದೇ ದಿನ ನೆನಪಾದಾಗ ತಗೊಳ್ಳಿ. ಮರುದಿನ ನೆನಪಾದರೆ ಆ ದಿನದ್ದು ಒಂದೇ ಸಾಕು.

ಇನ್ನು ರಕ್ತ ಪರೀಕ್ಷೆ. ರಿಪೋರ್ಟಿನಲ್ಲಿ ಟಿ.ಎಸ್.ಎಚ್. ಅಂತ ಇರುತ್ತದಲ್ಲ, ಅದು ಹೆಚ್ಚಾದರೆ ಥೈರಾಯ್ಡ್ ಹೆಚ್ಚು ಅಂತ ತುಂಬಾ ಜನ ತಿಳಿದುಕೊಳ್ಳುತ್ತಾರೆ. ಅದು ಉಲ್ಟಾ. ಸಂಘದಲ್ಲಿ ಸಾಲದ ಕಂತು ಬರದಿದ್ದರೆ ಪ್ರತಿನಿಧಿ ಏನು ಮಾಡುತ್ತಾರೆ? ಮನೆ ಬಾಗಿಲಿಗೆ ಹೋಗಿ ಕರೆಯುತ್ತಾರೆ. ಬರದಿದ್ದಷ್ಟೂ ಜೋರಾಗಿ ಕರೆಯುತ್ತಾರೆ, ಕಂತು ಬಂದ ಮೇಲೆ ಸುಮ್ಮನಾಗುತ್ತಾರೆ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯೂ ಹೀಗೇ. ಅದರ ಕೂಗೇ ಟಿ.ಎಸ್.ಎಚ್. ಕೂಗು ಜೋರಾಗಿದ್ದರೆ ಹಾರ್ಮೋನು ಸಾಲದು. ಸಾಮಾನ್ಯವಾಗಿ ಇದು ಸುಮಾರು 0.4ರಿಂದ 4ರವರೆಗೆ ಇರಬೇಕು, ನಿಮ್ಮ ಲ್ಯಾಬಿನ ಮಿತಿ ರಿಪೋರ್ಟಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ. ಈ ಮಾತ್ರೆಯ ಶಕ್ತಿ ಅರ್ಧ ಇಳಿಯಲು ಒಂದು ವಾರ ಬೇಕು. ನಾನು ಬಿಟ್ಟಾಗ ಎರಡು ವಾರ ಏನೂ ಗೊತ್ತಾಗದಿದ್ದದ್ದು ಅದಕ್ಕೇ. ಡೋಸ್ ಬದಲಿಸಿದ ಮೇಲೂ ಆರರಿಂದ ಎಂಟು ವಾರ ಕಳೆದೇ ಪರೀಕ್ಷೆ ಮಾಡಿಸಬೇಕು. ಎಂಟು ದಿನಕ್ಕೇ ಓಡಿದರೆ ದುಡ್ಡು ದಂಡ. ಸರಿಯಾದ ಡೋಸ್ ಸಿಕ್ಕಿದ ಮೇಲೆ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಸಾಕು. ಕಂಪನಿ ಬದಲಾದರೆ ವೈದ್ಯರಿಗೆ ಹೇಳಿ.

ಗರ್ಭಿಣಿಯರ ವಿಷಯ ಮಾತ್ರ ಹಾಗಲ್ಲ. ಮೊದಲ ತಿಂಗಳುಗಳಲ್ಲಿ ಮಗುವಿಗೆ ತಾಯಿಯ ಹಾರ್ಮೋನೇ ಗತಿ, ಮಗುವಿನ ಮಿದುಳು ಬೆಳೆಯುವುದಕ್ಕೆ ಅದು ಬೇಕೇಬೇಕು. ಮಾತ್ರೆ ತಗೊಳ್ಳುವ ನಿಮ್ಮ ಮಗಳಿಗೋ ಸೊಸೆಗೋ ಮುಟ್ಟು ನಿಂತರೆ ಮೂರು ತಿಂಗಳು ತುಂಬಲಿ ಅಂತ ಕಾಯಬೇಡಿ. ಅದೇ ವಾರ ಕರೆದುಕೊಂಡು ಹೋಗಿ, ಡೋಸ್ ಹೆಚ್ಚಿಸಬೇಕಾಗಬಹುದು. ಬಸುರಿಗೆ ಮಾತ್ರೆ ಬೇಡ ಅನ್ನುವ ಅತ್ತೆಯಂದಿರು ಈ ಸಭೆಯಲ್ಲೂ ಇರಬಹುದು. ದಯವಿಟ್ಟು ಹಾಗನ್ನಬೇಡಿ.

ತೂಕ ಇಳಿಸಲು ತಾವಾಗಿ ಎರಡು ಮಾತ್ರೆ ನುಂಗುವವರಿದ್ದಾರೆ. "ನಿನಗೂ ಸುಸ್ತಾ, ನನ್ನದೇ ಒಂದು ತಗೋ" ಅಂತ ಪಕ್ಕದ ಮನೆಗೆ ಕೊಡುವವರೂ ಇದ್ದಾರೆ. ಹೆಚ್ಚಾದರೆ ಎದೆ ಡವಡವ, ಕೈ ನಡುಕ, ನಿದ್ದೆಗೇಡು. ವರ್ಷಗಟ್ಟಲೆ ಹೀಗಾದರೆ ಮೂಳೆ ಸವೆಯುತ್ತದೆ. ಹೃದಯದ ತೊಂದರೆ ಇದ್ದವರಿಗಂತೂ ಅಪಾಯ. ಎಲೆಕೋಸು ತಿನ್ನಬಹುದಾ ಅಂತ ಚೀಟಿ ಬಂದಿದೆ. ಬೇಯಿಸಿ ಪಲ್ಯ ಮಾಡಿ ತಿನ್ನಿ, ತೊಂದರೆ ಇಲ್ಲ.

ಉಳಿತಾಯ ಪುಸ್ತಕದ ಕೊನೆಯ ಪುಟದಲ್ಲಿ ನಾಲ್ಕು ಗೆರೆ ಎಳೆಯಿರಿ. ತಾರೀಖು, ಮಾತ್ರೆ ಎಷ್ಟು ಮೈಕ್ರೋಗ್ರಾಂ, ಟಿ.ಎಸ್.ಎಚ್. ಎಷ್ಟು, ಮುಂದಿನ ಪರೀಕ್ಷೆ ಯಾವಾಗ. ವೈದ್ಯರ ಹತ್ತಿರ ಹೋಗುವಾಗ ಅದೇ ಪುಸ್ತಕ ತಗೊಂಡು ಹೋಗಿ. ಹಳೆ ರಿಪೋರ್ಟ್ ಇದ್ದವರು ಮುಂದಿನ ಸಭೆಗೆ ತನ್ನಿ, ಒಟ್ಟಿಗೆ ಕೂತು ಬರೆಯೋಣ.